ಜಲಾಶಯದ ಮಟ್ಟವೂ ನಾಡಿನ ಲೆಕ್ಕವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶಾಸ್ತ್ರವಿಷಯಗಳೇ ಪ್ರಸಕ್ತವಾಗುವ ಇಂಥ ಸಭೆಯಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ಶಬ್ದ, ತರ್ಕಗಳನ್ನು ಓದಿದವನಿಗೆ ಅಣೆಕಟ್ಟಿನ ಗೊಡವೆಯೇಕೆಂದು ಕೆಲವರಿಗೆ ತೋರಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವವರಲ್ಲಿ ಭೂಮಿಯನ್ನು ನಂಬಿ ಬಾಳುವವರೇ ಹೆಚ್ಚು. ಮುಂಗಾರು ಕಾಲಿಟ್ಟಿತೆಂದರೆ ವೃತ್ತಪತ್ರಿಕೆಯಲ್ಲಿ ತಾವು ಮೊದಲು ನೋಡುವುದು ಜಲಾಶಯಗಳ ಪಟ್ಟಿಯನ್ನೇ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂಬ ಆ ಮೂರು ಅಂಕಿಗಳ ಮೇಲೆ ನಾಟಿ ನಿಂತಿದೆ, ಸಾಲ ನಿಂತಿದೆ, ಮಗಳ ಮದುವೆಯೂ ನಿಂತಿದೆ. ಇಷ್ಟು ಭಾರವನ್ನು ಹೊರುವ ಅಂಕಿಯ ಅರ್ಥವೇನು, ಅದನ್ನು ಯಾರು ಅಳೆಯುವರು, ಅದು ಏನನ್ನು ಹೇಳುವುದು, ಏನನ್ನು ಮರೆಸುವುದು ಎಂಬುದನ್ನು ವಿಚಾರಿಸುವುದು ಅನುಚಿತವಾಗಲಾರದು.

ನೀರನ್ನು ಅಳೆಯುವುದು ನಮ್ಮ ದೇಶಕ್ಕೆ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದಲ್ಲಿ, ಎಂದರೆ ಸರ್ಕಾರದ ಉಗ್ರಾಣದಲ್ಲಿ, ಒಂದು ಮೊಳ ಬಾಯಿಯ ಪಾತ್ರೆಯನ್ನಿರಿಸಿ ಮಳೆಯನ್ನು ಅಳೆಯಬೇಕೆಂದು ವಿಧಿಸುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಳೆಯನ್ನು ಆಢಕ, ದ್ರೋಣಗಳೆಂಬ ಮಾನಗಳಿಂದ ಲೆಕ್ಕಿಸುವ ಕ್ರಮವನ್ನು ತಿಳಿಸಿದ್ದಾನೆ. ಸೌರಾಷ್ಟ್ರದ ಗಿರಿನಾರದ ಬುಡದಲ್ಲಿ ಸುದರ್ಶನವೆಂಬ ಸರೋವರವಿದ್ದಿತು. ಮೌರ್ಯ ಚಂದ್ರಗುಪ್ತನ ಕಾಲದಲ್ಲಿ ಕಟ್ಟಿಸಿದ ಆ ಕೆರೆಯು ಮಹಾಮಳೆಗೆ ಒಡೆದುಹೋದುದನ್ನೂ, ಅದನ್ನು ಮತ್ತೆ ಕಟ್ಟಿಸಿದುದನ್ನೂ ಕ್ಷತ್ರಪ ರುದ್ರದಾಮನನ ಸುಮಾರು ಕ್ರಿ.ಶ. 150ರ ಶಿಲಾಶಾಸನವು ಹೇಳುವುದು. ಏರಿ ಒಡೆಯಿತೆಂದು ಮಾತ್ರ ಹೇಳಿ ಅದು ಸುಮ್ಮನಾಗಿಲ್ಲ. ಒಡಕಿನ ಉದ್ದ 420 ಮೊಳ, ಅಗಲ 420 ಮೊಳ, ಆಳ 75 ಮೊಳವೆಂದು ಅಳತೆಯನ್ನು ಕಲ್ಲಿನ ಮೇಲೆ ಬರೆಯಿಸಿದೆ. ಪ್ರಜೆಗಳ ಮೇಲೆ ಹೊಸ ತೆರಿಗೆಯನ್ನು ಹೊರಿಸದೆ ಆ ಕೆಲಸವನ್ನು ಮಾಡಿಸಿದೆನೆಂದೂ ಅರಸನು ಹೇಳಿಕೊಂಡಿದ್ದಾನೆ. ಆದ ಹಾನಿಯನ್ನು ಅಳತೆಯೊಡನೆ ಎಲ್ಲರ ಕಣ್ಣಿಗೆ ಕಾಣುವಂತೆ ಬರೆಯಿಸಿದ ಆ ಸತ್ಯಸಂಧತೆಯು ಇಂದಿಗೂ ಸ್ಮರಣಾರ್ಹವಾದುದು.

ನಮ್ಮ ಊರುಗಳಲ್ಲಿ ಈ ಕೆಲಸವನ್ನು ನೀರುಗಂಟಿಯು ಮಾಡುತ್ತಿದ್ದನು. ಕೆರೆಯ ತೂಬಿನ ಕಲ್ಲಿನಲ್ಲಿ ನೀರು ಎಲ್ಲಿಯವರೆಗೆ ನಿಂತಿದೆಯೆಂದು ನೋಡಿ, ಇದರಿಂದ ಎಷ್ಟು ಗದ್ದೆ ಬೆಳೆಯಬಹುದು, ತೂಬನ್ನು ಎಂದು ತೆಗೆಯಬೇಕು, ಯಾರ ಸರದಿ ಮೊದಲು ಎಂಬುದನ್ನು ಅವನು ನಡೆಯಿಸುತ್ತಿದ್ದನು. ಅವನ ಮಾತಿನಲ್ಲಿ ಸಂದೇಹವುಂಟಾದರೆ ಏರಿಯ ಮೇಲೆ ಹೋಗಿ ನೋಡುವುದು ಯಾವ ಒಕ್ಕಲಿಗೂ ಸಾಧ್ಯವಿದ್ದಿತು. ಒಂದು ಊರಿನ ಕೆರೆಯು ಒಂದು ಊರಿನ ಕಣ್ಣಿಗೆ ನಿಲುಕುವಷ್ಟಿರುವುದು.

ಮಹಾಜಲಾಶಯಗಳ ಸ್ಥಿತಿ ಹಾಗಲ್ಲ. ಕನ್ನಂಬಾಡಿಯ ಕಟ್ಟೆಯನ್ನು ನಂಬಿದವರು ಮಂಡ್ಯದ ಗದ್ದೆಯಲ್ಲಿದ್ದಾರೆ, ಬೆಂಗಳೂರಿನ ಮನೆಯಲ್ಲಿದ್ದಾರೆ, ತಂಜಾವೂರಿನ ಬಯಲಿನಲ್ಲಿಯೂ ಇದ್ದಾರೆ. ತುಂಗಭದ್ರೆಯ ನೀರನ್ನು ಉಣ್ಣುವವರು ಮೂರು ರಾಜ್ಯಗಳಲ್ಲಿ ಹರಡಿದ್ದಾರೆ. ಇವರಲ್ಲಿ ಪ್ರತಿಯೊಬ್ಬನೂ ಕಟ್ಟೆಯ ಮೇಲೆ ಹೋಗಿ ನೋಡಿಬರಲಾರನು. ಆದುದರಿಂದ ಕಣ್ಣು ಹೋಗದ ಕಡೆಗೆ ಅಂಕಿಯು ಬರಬೇಕಾಯಿತು. ನೀರಿನ ಪಾಲುಗಾರರು ದೂರದೂರವಾದಷ್ಟೂ ಅಳತೆಯ ಸತ್ಯವು ಹೆಚ್ಚು ಬೆಲೆಯುಳ್ಳದ್ದಾಗುವುದು. ಇದೇ ನನ್ನ ಇಂದಿನ ಮಾತಿನ ಮುಖ್ಯಾಂಶ.

ಈ ಅಂಕಿಗಳನ್ನು ದೇಶಕ್ಕೆಲ್ಲ ಒಟ್ಟುಗೂಡಿಸುವ ಸಂಸ್ಥೆಗೆ ಕೇಂದ್ರ ಜಲ ಆಯೋಗವೆಂದು ಹೆಸರು. ಅದು 1945ರಲ್ಲಿ ಬೇರೊಂದು ಹೆಸರಿನಿಂದ ಸ್ಥಾಪಿತವಾಯಿತು. ಡಾಕ್ಟರ್ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಕಾಲವದು. ಅಯೋಧ್ಯನಾಥ ಖೋಸ್ಲಾ ಎಂಬ ಇಂಜಿನಿಯರರು ಅದರ ಮೊದಲನೆಯ ಅಧ್ಯಕ್ಷರು. ಈ ಆಯೋಗವು ಪ್ರತಿ ಗುರುವಾರವೂ ಜಲಾಶಯಗಳ ವಾರಪತ್ರವೊಂದನ್ನು ಹೊರಡಿಸುವುದು. ದೇಶದಲ್ಲಿ ದೊಡ್ಡ ಅಣೆಕಟ್ಟುಗಳು 6,000ಕ್ಕೂ ಮಿಕ್ಕಿವೆ. ಅವುಗಳಲ್ಲಿ ಮುಖ್ಯವಾದ 150 ಜಲಾಶಯಗಳನ್ನು 2024ರ ಬೇಸಗೆಯಲ್ಲಿ ಆಯೋಗವು ನೋಡುತ್ತಿದ್ದಿತು. ಅನಂತರ ಇನ್ನೂ ಕೆಲವು ಸೇರಿವೆ. ಆ 150ರ ಬಳಕೆಗೆ ಬರುವ ಶೇಖರಣೆಯೇ 178.784 ಶತಕೋಟಿ ಘನ ಮೀಟರು. ದೇಶದಲ್ಲಿ ಒಟ್ಟು ನಿರ್ಮಾಣವಾಗಿರುವ ಶೇಖರಣೆಯೆಂದು ಅಂದಾಜು ಮಾಡಿರುವ 257.812 ಶತಕೋಟಿ ಘನ ಮೀಟರಿನಲ್ಲಿ ಇದು ನೂರಕ್ಕೆ 69ರಷ್ಟು. ನಮ್ಮ ರಾಜ್ಯದಲ್ಲಿಯೂ ಪ್ರಕೃತಿವಿಕೋಪ ಉಸ್ತುವಾರಿ ಕೇಂದ್ರವು ಕಾವೇರೀ ಕಣಿವೆಯ ನಾಲ್ಕು, ಕೃಷ್ಣಾ ಕಣಿವೆಯ ಏಳು, ವಿದ್ಯುತ್ತಿಗಾಗಿ ಕಟ್ಟಿದ ಮೂರು, ಹೀಗೆ 14 ಮುಖ್ಯ ಜಲಾಶಯಗಳ ಪಟ್ಟಿಯನ್ನು ದಿನವೂ ಪ್ರಕಟಿಸುವುದು.

ಇನ್ನು ಅಳತೆಯ ಕ್ರಮವನ್ನು ನೋಡೋಣ. ಕಟ್ಟೆಯ ಗೋಡೆಗೆ ಹೊಂದಿಸಿ ಅಡಿ, ಅಂಗುಲ ಅಥವಾ ಮೀಟರುಗಳನ್ನು ಗುರುತು ಮಾಡಿದ ಪಟ್ಟಿಯಿರುವುದು. ದಿನವೂ ಗೊತ್ತಾದ ಹೊತ್ತಿಗೆ ಅದನ್ನು ಓದಿ ಪುಸ್ತಕದಲ್ಲಿ ಬರೆಯುವರು. ನೀರಿನ ಮೇಲೆ ತೇಲುವ ಬುರುಡೆಯಿಂದಲೋ, ತಳದಲ್ಲಿ ನೀರಿನ ಒತ್ತಡವನ್ನು ಗ್ರಹಿಸುವ ಯಂತ್ರದಿಂದಲೋ, ಮೇಲಿನಿಂದ ಅಲೆಯನ್ನು ಕಳುಹಿಸಿ ಅದು ಮರಳುವ ಕಾಲವನ್ನು ಲೆಕ್ಕಿಸುವ ರೇಡಾರಿನಿಂದಲೋ ಈಗ ಅನೇಕ ಕಡೆ ಅಳೆಯುತ್ತಾರೆ. ಉಪಗ್ರಹಗಳೂ ಆಕಾಶದಿಂದ ನೀರಿನ ಹರವನ್ನೂ ಎತ್ತರವನ್ನೂ ಕಾಣಬಲ್ಲವು.

ಇಲ್ಲಿ ಒಂದು ವಿವೇಚನೆ ಅವಶ್ಯಕ. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ, ಭದ್ರೆಯದು 186 ಅಡಿ, ತುಂಗಭದ್ರೆಯದು 1,633 ಅಡಿ, ಲಿಂಗನಮಕ್ಕಿಯದು 1,819 ಅಡಿ ಎಂದು ಪಟ್ಟಿಯಲ್ಲಿ ಓದಿ, ಲಿಂಗನಮಕ್ಕಿಯು ಕನ್ನಂಬಾಡಿಗಿಂತ ಹದಿನೈದುಪಾಲು ಆಳವಾಗಿರಬೇಕೆಂದು ಭ್ರಮಿಸುವವರುಂಟು. ಮೊದಲಿನ ಎರಡು ಅಂಕಿಗಳು ಕಟ್ಟೆಯ ಬುಡದ ಒಂದು ಗೊತ್ತಾದ ಸ್ಥಾನದಿಂದ ಎಣಿಸಿದವು. ಕಡೆಯ ಎರಡು ಸಮುದ್ರಮಟ್ಟದಿಂದ ಎಣಿಸಿದವು. ಅಳತೆಯ ಮೂಲವನ್ನು ತಿಳಿಯದೆ ಅಂಕಿಯನ್ನು ಅಂಕಿಗೆ ಹೋಲಿಸುವುದು, ನೆಲದ ಮೇಲೆ ನಿಂತವನ ಎತ್ತರವನ್ನು ಬೆಟ್ಟದ ಮೇಲೆ ನಿಂತವನ ಎತ್ತರಕ್ಕೆ ಹೋಲಿಸಿದಂತಾಗುವುದು.

ಮಟ್ಟವೇ ನೀರಲ್ಲವೆಂಬುದು ಎರಡನೆಯ ವಿವೇಚನೆ. ಜಲಾಶಯವು ಬಾವಿಯಂತೆ ನೆಟ್ಟಗಿರುವುದಿಲ್ಲ. ಬೋಗುಣಿಯಂತೆ ಕೆಳಗೆ ಕಿರಿದಾಗಿ ಮೇಲೆ ವಿಸ್ತಾರವಾಗಿರುವುದು. ಆದುದರಿಂದ ಮೇಲಿನ ಒಂದು ಅಡಿಯಲ್ಲಿರುವ ನೀರು ಕೆಳಗಿನ ಒಂದು ಅಡಿಯಲ್ಲಿರುವುದಕ್ಕಿಂತ ಅನೇಕ ಪಾಲು ಹೆಚ್ಚು. ಯಾವ ಮಟ್ಟಕ್ಕೆ ಎಷ್ಟು ನೀರೆಂಬುದನ್ನು ಕಣಿವೆಯ ನೆಲವನ್ನು ಮೋಜಣಿ ಮಾಡಿ ಕೋಷ್ಟಕವಾಗಿ ಬರೆದಿಟ್ಟಿರುವರು. ಆ ನೀರನ್ನು ನಮ್ಮಲ್ಲಿ ಟಿಎಂಸಿಯಿಂದ ಲೆಕ್ಕ ಮಾಡುವುದು ವಾಡಿಕೆ. ಒಂದು ಟಿಎಂಸಿಯೆಂದರೆ ನೂರು ಕೋಟಿ ಘನ ಅಡಿ, ಎಂದರೆ ಸುಮಾರು 2,831 ಕೋಟಿ ಲೀಟರು. ಕ್ಯೂಸೆಕ್ ಎಂಬುದು ಹರಿವಿನ ಮಾನ. ಒಂದು ಸೆಕೆಂಡಿಗೆ ಒಂದು ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಹಗಲಿರುಳೂ ಹರಿದರೆ ದಿನಕ್ಕೆ ಒಂದು ಟಿಎಂಸಿಯಾಗುವುದು. ಈ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಪತ್ರಿಕೆಯಲ್ಲಿ ಒಳಹರಿವನ್ನು ಓದಿ ಕಟ್ಟೆಯು ಎಷ್ಟು ದಿನಕ್ಕೆ ಎಷ್ಟು ತುಂಬೀತೆಂದು ತಾವೇ ಅಂದಾಜು ಮಾಡಬಹುದು.

ಆದರೆ ಆ ಕೋಷ್ಟಕವೂ ಕಾಲಕ್ರಮದಲ್ಲಿ ಹಳತಾಗುವುದು. ನದಿಯು ನೀರನ್ನು ಮಾತ್ರ ತರುವುದಿಲ್ಲ, ಮಣ್ಣನ್ನೂ ತರುವುದು. ಹೊಸಪೇಟೆಯ ತುಂಗಭದ್ರಾ ಜಲಾಶಯವನ್ನು ಕಟ್ಟಿದಾಗ 1,633 ಅಡಿಗೆ 132.47 ಟಿಎಂಸಿ ನೀರು ನಿಲ್ಲುತ್ತಿದ್ದಿತು. 2016ರಲ್ಲಿ ಅಳೆದು ನೋಡಿದಾಗ ಅದೇ 1,633 ಅಡಿಗೆ ನಿಂತದ್ದು 105.788 ಟಿಎಂಸಿ. ಪಟ್ಟಿಯ ಮೇಲಿನ ಗುರುತು ಕದಲಿಲ್ಲ, ಗೇಟುಗಳ ಎತ್ತರವೂ ಕುಗ್ಗಲಿಲ್ಲ. ಸುಮಾರು 27 ಟಿಎಂಸಿಯ ಸ್ಥಳವನ್ನು ಹೂಳು ಆಕ್ರಮಿಸಿತು. ಕಬಿನಿಯ ಜಲಾಶಯವು ಪೂರ್ಣವಾಗಿ ತುಂಬಿದರೆ ನಿಲ್ಲುವ ನೀರೇ 19.52 ಟಿಎಂಸಿಯೆಂದರೆ ಈ ನಷ್ಟದ ಗಾತ್ರವು ಮನಸ್ಸಿಗೆ ಬರುವುದು. ಕಟ್ಟೆ ತುಂಬಿತೆಂಬ ಮಾತು ಅಂದಿಗೂ ನಿಜ, ಇಂದಿಗೂ ನಿಜ. ಆದರೆ ಆ ಮಾತಿನಿಂದ ಬೆಳೆಯುವ ಗದ್ದೆಯು ಮಾತ್ರ ಅಷ್ಟೇ ಅಲ್ಲ. ಆಗಾಗ ತಳವನ್ನು ಮತ್ತೆ ಅಳೆಯದ ಜಲಾಶಯದ ಪಟ್ಟಿಯು ಸುಳ್ಳನ್ನಾಡದೆಯೇ ಜನರನ್ನು ಮೋಸಗೊಳಿಸುವುದು.

ಮತ್ತೊಂದು ಅಂಶ. ಕಟ್ಟೆಯಲ್ಲಿ ನಿಂತ ನೀರೆಲ್ಲ ಕಾಲುವೆಗೆ ಬಾರದು. ತೂಬಿನ ಬಾಯಿಗಿಂತ ಕೆಳಗಿರುವ ನೀರು ಬಳಕೆಗೆ ದೊರೆಯದ ನೀರು; ಅದನ್ನು ಇಂಜಿನಿಯರರು ಡೆಡ್ ಸ್ಟೋರೇಜ್ ಎನ್ನುವರು. ಕನ್ನಂಬಾಡಿಯ 49.452 ಟಿಎಂಸಿಯಲ್ಲಿ ಬಳಕೆಗೆ ಬರುವುದು ಸುಮಾರು 45 ಟಿಎಂಸಿ ಮಾತ್ರ. ಬೇಸಗೆಯ ಕೊನೆಯಲ್ಲಿ ಪಟ್ಟಿಯನ್ನು ಓದುವವರು ಈ ಭೇದವನ್ನು ಮರೆಯಬಾರದು.

ಒಂದು ದಿನದ ಅಂಕಿಯು ಒಂಟಿಯಾಗಿ ನಿಂತರೆ ಹೆಚ್ಚೇನನ್ನೂ ಹೇಳಲಾರದು. ಆದುದರಿಂದ ಆಯೋಗವು ಇಂದಿನ ಶೇಖರಣೆಯನ್ನು ಕಳೆದ ವರ್ಷ ಇದೇ ಹೊತ್ತಿಗೆ ಇದ್ದುದರೊಡನೆಯೂ, ಹಿಂದಿನ ಹತ್ತು ವರ್ಷಗಳ ಸರಾಸರಿಯೊಡನೆಯೂ ಹೋಲಿಸಿ ತೋರಿಸುವುದು. ಉದಾಹರಣೆಗೆ ಒಂದು ವಾರವನ್ನು ತೆಗೆದುಕೊಳ್ಳೋಣ. 2023ರಲ್ಲಿ ಮಳೆಯು ಕೈಕೊಟ್ಟು, ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವು ಸಾರಿದ್ದಿತು. ಮರುವರ್ಷ, 2024ರ ಏಪ್ರಿಲ್ ಕೊನೆಯ ವಾರದ ಪತ್ರದಲ್ಲಿ ದಕ್ಷಿಣದ ಐದು ರಾಜ್ಯಗಳ 42 ಜಲಾಶಯಗಳ ಲೆಕ್ಕ ಬಂದಿತು. ಅವುಗಳ ಬಳಕೆಯ ಶೇಖರಣೆ 53.334 ಶತಕೋಟಿ ಘನ ಮೀಟರು, ಉಳಿದಿದ್ದುದು 8.865. ಎಂದರೆ ನೂರಕ್ಕೆ 17. ಹಿಂದಿನ ವರ್ಷ ಅದೇ ಹೊತ್ತಿಗೆ ನೂರಕ್ಕೆ 29 ಇದ್ದಿತು. ಹತ್ತು ವರ್ಷಗಳ ಸರಾಸರಿ 23. ಅದೇ ವಾರ ಪೂರ್ವದೇಶದ ಜಲಾಶಯಗಳಲ್ಲಿ ನೂರಕ್ಕೆ 39ರಷ್ಟು ನೀರಿದ್ದಿತು. ದೇಶದ ಒಟ್ಟು ಲೆಕ್ಕವನ್ನು ಮಾತ್ರ ನೋಡಿದವನಿಗೆ ದಕ್ಷಿಣದ ದಾಹವು ಕಾಣುತ್ತಿರಲಿಲ್ಲ. ಹಸಿದವನಿಗೂ ಉಂಡವನಿಗೂ ಸೇರಿಸಿ ಸರಾಸರಿ ತೆಗೆದರೆ ಇಬ್ಬರೂ ಅರ್ಧ ಉಂಡಂತೆ ಲೆಕ್ಕ ಬರುವುದಲ್ಲವೆ!

ಈಗ ಪಾಲಿನ ವಿಚಾರ. ಕಾವೇರಿಯ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ 1924ರಲ್ಲಿ ಆದ ಒಪ್ಪಂದವನ್ನು ತಾವು ಕೇಳಿದ್ದೀರಿ. ತಿರುಚನಾಪಳ್ಳಿಯ ಹತ್ತಿರದ ಮೇಲಣೆಯಲ್ಲಿರುವ ಅಳತೆಗೋಲಿನಲ್ಲಿ ತಿಂಗಳು ತಿಂಗಳಿಗೆ ಇಂತಿಷ್ಟು ಅಡಿ ನೀರು ತೋರಬೇಕು, ಆಮೇಲೆ ಕನ್ನಂಬಾಡಿಯಲ್ಲಿ ನೀರನ್ನು ನಿಲ್ಲಿಸಿಕೊಳ್ಳಬಹುದು ಎಂಬ ನಿಯಮವು ಅದರಲ್ಲಿದ್ದಿತು. ಅಷ್ಟು ದೂರದ ಒಂದು ಕೋಲಿನ ಗುರುತು ಇಲ್ಲಿಯ ಕಟ್ಟೆಯನ್ನು ಆಳಿತು. ಒಂದು ಶತಮಾನ ಕಳೆದರೂ ಆ ನ್ಯಾಯದ ಸ್ವರೂಪ ಬದಲಾಗಿಲ್ಲ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ನೀರು ಬಿಳಿಗುಂಡ್ಲುವನ್ನು ದಾಟಿ ಹೋಗಬೇಕೆಂದು ತೀರ್ಪಿತ್ತಿತು. ಅಲ್ಲಿ ಅಳೆಯುವುದು ಕೇಂದ್ರ ಜಲ ಆಯೋಗದ ಠಾಣೆ; ಕರ್ನಾಟಕದ್ದೂ ಅಲ್ಲ, ತಮಿಳುನಾಡಿನದ್ದೂ ಅಲ್ಲ. 2023ರ ಬರದಲ್ಲಿ ದಿನಕ್ಕೆ 5,000 ಕ್ಯೂಸೆಕ್ ಬಿಡಬೇಕೆಂದು ಅಪ್ಪಣೆಯಾಗಿ, ಸೆಪ್ಟೆಂಬರಿನಲ್ಲಿ ಬೆಂಗಳೂರೂ ರಾಜ್ಯವೂ ಬಂದ್ ಆದುದನ್ನು ತಾವು ಕಂಡಿದ್ದೀರಿ. ಮಂಡ್ಯದ ರೈತನ ಒಡಲುರಿಯೂ ಸುಳ್ಳಲ್ಲ, ತಂಜಾವೂರಿನ ರೈತನ ಒಣಗಿದ ಪೈರೂ ಸುಳ್ಳಲ್ಲ. ಎಷ್ಟು ಬಿಡಬೇಕೆಂಬುದರಲ್ಲಿ ಇಬ್ಬರೂ ಒಪ್ಪಲಿಲ್ಲ. ಆದರೆ ವಾದವು ಮುಂದುವರಿಯಬೇಕಾದರೂ ಕಟ್ಟೆಯಲ್ಲಿರುವುದೆಷ್ಟು, ಗಡಿಯನ್ನು ದಾಟಿದುದೆಷ್ಟು ಎಂಬ ಅಂಕಿಯನ್ನು ಇಬ್ಬರೂ ಒಪ್ಪಲೇಬೇಕು. ಒಬ್ಬರನ್ನೊಬ್ಬರು ನಂಬದವರು ಸಹ ಒಂದೇ ಅಳತೆಯನ್ನು ನಂಬಿದರೆ ಮಾತುಕತೆಗೆ ನೆಲೆಯುಂಟಾಗುವುದು. ಆ ಅಳತೆಯೂ ಕೆಟ್ಟರೆ ಉಳಿಯುವುದು ಬೀದಿಯ ಕಲಹ ಮಾತ್ರ.

ಕೊರತೆಯ ಕಾಲದಲ್ಲಿ ಪಾಲಿಗಾಗಿ ಮಟ್ಟವನ್ನು ನೋಡುವಂತೆ, ಸಮೃದ್ಧಿಯ ಕಾಲದಲ್ಲಿ ಪ್ರಾಣರಕ್ಷಣೆಗಾಗಿ ಅದನ್ನು ನೋಡಬೇಕಾಗುವುದು. 2018ರ ಆಗಸ್ಟ್ 9ರಂದು ಕೇರಳದ ಇಡುಕ್ಕಿ ಜಲಾಶಯದ ಗೇಟನ್ನು 26 ವರ್ಷಗಳ ಮೇಲೆ ತೆರೆಯಬೇಕಾಯಿತು. ಆ ತಿಂಗಳ ಮಹಾಪ್ರವಾಹವನ್ನು ಯಾರೂ ಮರೆತಿಲ್ಲ. ಕಟ್ಟೆಯು ತುಂಬುವುದನ್ನೇ ಶುಭವೆಂದು ಕಾಯುವ ನಾವು, ಮಳೆಗಾಲದ ನಡುವೆ ಸ್ವಲ್ಪ ಸ್ಥಳವನ್ನು ಬರಿದಾಗಿ ಬಿಡುವುದೂ ವಿವೇಕವೆಂಬುದನ್ನು ಕಲಿಯಬೇಕಾಗಿದೆ. ಯಾವ ತಿಂಗಳಲ್ಲಿ ಯಾವ ಮಟ್ಟವನ್ನು ಮೀರಬಾರದೆಂದು ಮುಂಚಿತವಾಗಿ ಗೊತ್ತುಪಡಿಸಿದ ರೇಖೆಯೊಂದನ್ನು ಇಂಜಿನಿಯರರು ಇದಕ್ಕಾಗಿ ಬಳಸುವರು.

ತುಂಗಭದ್ರೆಯ ದೃಷ್ಟಾಂತವು ನಮಗೆ ಇನ್ನೂ ಹತ್ತಿರದ್ದು. 2024ರ ಆಗಸ್ಟ್ 10ರ ರಾತ್ರಿ ಆ ಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬಹುಕಾಲ ಕಾದು ತುಂಬಿದ ನೀರು ಕಣ್ಣೆದುರಿಗೇ ಹರಿದುಹೋಗುತ್ತಿದ್ದಿತು. ಉಳಿದ ಗೇಟುಗಳ ಮೇಲೆ ಭಾರ ಬೀಳದಂತೆ ಅವುಗಳನ್ನೂ ತೆರೆದು ನೀರನ್ನು ಇಳಿಸಬೇಕಾಯಿತು. ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಯಿಸಿ ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು. ಆ ದಿನಗಳಲ್ಲಿ ಮಟ್ಟವು ಗಂಟೆ ಗಂಟೆಗೆ ಎಷ್ಟಿಳಿಯಿತೆಂಬುದೇ ಎಲ್ಲರ ಜಪವಾಗಿದ್ದಿತು. ಮುಂದೆ ಮಳೆಯು ಕೃಪೆಮಾಡಿ ಕಟ್ಟೆಯು ಮತ್ತೆ ತುಂಬಿತು. ನೀರಿನ ಮಟ್ಟದೊಡನೆ ಕಬ್ಬಿಣದ ವಯಸ್ಸನ್ನೂ ಅಳೆಯುತ್ತಿರಬೇಕೆಂಬುದು ಇದರಿಂದ ವ್ಯಕ್ತವಾಗುವುದು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಈ ತಪಾಸಣೆಯನ್ನೂ ದಾಖಲೆಯನ್ನೂ ಅಣೆಕಟ್ಟಿನ ಒಡೆಯರ ಕರ್ತವ್ಯವನ್ನಾಗಿ ವಿಧಿಸಿದೆ.

ದೀರ್ಘಕಾಲದ ದಾಖಲೆಯಿಂದ ಬೇರೊಂದು ಪ್ರಯೋಜನವುಂಟು. ಹಿರಿಯೂರಿನ ಹತ್ತಿರದ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವನ್ನು ನೋಡಿರಿ. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಅದು ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಮೂರನೆಯ ಸಲ 2025ರ ಜನವರಿಯಲ್ಲಿ. ತಾತನು ಕಂಡುದನ್ನು ಮಗನು ಕಾಣಲಿಲ್ಲ, ಮೊಮ್ಮಗನು ಕಂಡನು. ನಡುವಣ ಆ ಒಂದೊಂದು ವರ್ಷವೂ ಯಾರೋ ಒಬ್ಬ ನೌಕರನು ಮಟ್ಟವನ್ನು ಓದಿ ಬರೆದಿಟ್ಟುದರಿಂದಲೇ ಈ ಮಾತನ್ನು ಇಂದು ಹೇಳಲು ಸಾಧ್ಯವಾಯಿತು. ಬರದ ವರ್ಷದಲ್ಲಿ ಪಟ್ಟಿಯನ್ನು ಓದಲು ಯಾವ ಉತ್ಸಾಹವೂ ಇರುವುದಿಲ್ಲ, ಬಾಗಿನವನ್ನು ಅರ್ಪಿಸಲು ಯಾವ ಮಂತ್ರಿಯೂ ಬರುವುದಿಲ್ಲ. ಆಗಲೂ ಹೊತ್ತಿಗೆ ಸರಿಯಾಗಿ ಹೋಗಿ, ಕಂಡುದನ್ನು ಕಂಡಂತೆ ಬರೆಯುವವನ ಕಾಯಕವು ಹಿರಿದಾದುದು.

ಶರಣಬಂಧುಗಳೆ, ಇನ್ನು ನಮ್ಮ ಪಾಲಿನ ಕರ್ತವ್ಯ. ಮೊದಲನೆಯದಾಗಿ, ಪಟ್ಟಿಯನ್ನು ಓದುವಾಗ ಮಟ್ಟವೊಂದನ್ನೇ ನೋಡದೆ ಬಳಕೆಗೆ ಬರುವ ನೀರೆಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿದ್ದಿತು ಎಂಬುದನ್ನೂ ನೋಡುವುದು. ಎರಡನೆಯದಾಗಿ, ನೀರಾವರಿ ಸಲಹಾ ಸಮಿತಿಯು ಶೇಖರಣೆಯನ್ನು ನೋಡಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತಿಳಿಸಿದ ವರ್ಷದಲ್ಲಿ, ಹೇಗೋ ಬಂದೀತೆಂದು ಭತ್ತವನ್ನು ನಾಟಿಮಾಡಿ ಸಾಲಕ್ಕೆ ಸಿಲುಕದಿರುವುದು. ಮೂರನೆಯದು ಎಲ್ಲಕ್ಕಿಂತಲೂ ಕಷ್ಟವಾದುದು. ಕಾಲುವೆಯ ಮೊದಲಿನಲ್ಲಿರುವವನು ತನ್ನ ಗದ್ದೆಯ ನೀರನ್ನು ಕಣ್ಣಾರೆ ಕಾಣುವನು. ಕೊನೆಯಲ್ಲಿರುವವನು ಪತ್ರಿಕೆಯ ಅಂಕಿಯನ್ನು ಮಾತ್ರ ಕಾಣುವನು. ಕಟ್ಟೆಯು ತುಂಬಿದೆಯೆಂದು ಓದಿ, ತನ್ನ ಕಾಲುವೆಯು ಒಣಗಿರುವುದನ್ನು ನೋಡುವವನ ಸಂಕಟವನ್ನು ಈ ಸಭೆಯಲ್ಲಿಯೇ ಅನುಭವಿಸಿದವರಿದ್ದಾರೆ. ಕಟ್ಟೆಯ ಮಟ್ಟವನ್ನು ಎಷ್ಟು ನಿಷ್ಠೆಯಿಂದ ಅಳೆಯುವೆವೋ, ಕೊನೆಯ ತೂಬಿನ ನೀರನ್ನೂ ಅಷ್ಟೇ ನಿಷ್ಠೆಯಿಂದ ಅಳೆದು ಪ್ರಕಟಿಸುವ ದಿನ ಬರಬೇಕು. ಅಲ್ಲಿಯವರೆಗೆ ಮೊದಲಿನವನು ತನ್ನ ಸರದಿ ತೀರಿದೊಡನೆ ತೂಬನ್ನು ತಾನಾಗಿಯೇ ಮುಚ್ಚುವುದೇ ಧರ್ಮ.

ನೀರು ಯಾರ ಮಾತನ್ನೂ ಕೇಳಿ ಏರುವುದಿಲ್ಲ, ಯಾರ ಮಾತನ್ನೂ ಕೇಳಿ ಇಳಿಯುವುದಿಲ್ಲ. ಅದು ನಿಂತಿರುವ ಎಡೆಯನ್ನು ಇದ್ದಂತೆ ಬರೆದು, ಬರೆದುದನ್ನು ಎಲ್ಲರಿಗೂ ಸಮನಾಗಿ ತಿಳಿಸಿ, ತಿಳಿದುದಕ್ಕೆ ತಕ್ಕಂತೆ ನಡೆದುಕೊಳ್ಳುವುದಷ್ಟೇ ಮನುಷ್ಯನ ಕೈಯಲ್ಲಿರುವುದು.  ಕಾಲಕಾಲಕ್ಕೆ ಮಳೆಯಾಗಲಿ, ಕೆರೆಕಟ್ಟೆಗಳು ತುಂಬಲಿ, ಕೊನೆಯ ಗದ್ದೆಗೂ ನೀರು ಮುಟ್ಟಲಿ.

ಮಂಗಳಮಸ್ತು.